ಮನೆಯವರಿಗೆ ಗೊತ್ತಿಲ್ಲದ ಯಜಮಾನ

ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ಸಣ್ಣ ಊರು. ಟಾಮ್ ಸ್ಟಾಲ್ ಎಂಬಾತ ಅಲ್ಲಿ ಪುಟ್ಟ ಹೋಟೆಲು ನಡೆಸುತ್ತಿದ್ದಾನೆ. ಹೆಂಡತಿ ಈಡಿ ವಕೀಲೆ. ಹೈಸ್ಕೂಲಿಗೆ ಹೋಗುವ ಮಗ, ಎಳೆಯ ಮಗಳು. ಒಂದು ರಾತ್ರಿ ಇಬ್ಬರು ಕೊಲೆಗಡುಕರು ಹೋಟೆಲಿಗೆ ನುಗ್ಗಿದಾಗ ಈ ಸಾಧು ಮನುಷ್ಯ ಕ್ಷಣಾರ್ಧದಲ್ಲಿ ಇಬ್ಬರನ್ನೂ ಮುಗಿಸುತ್ತಾನೆ. ಊರು ಕೊಂಡಾಡುತ್ತದೆ, ಟೆಲಿವಿಷನ್ನಿನಲ್ಲಿ ಅವನ ಮುಖ ಬರುತ್ತದೆ. ಬಂದದ್ದೇ ತಪ್ಪಾಯಿತು. ಫಿಲಡೆಲ್ಫಿಯಾದಿಂದ ಒಂದು ಕಣ್ಣು ಕೆಟ್ಟ ಆಗಂತುಕನೊಬ್ಬ ಬಂದು ಅವನನ್ನು ಬೇರೆಯೇ ಹೆಸರಿನಿಂದ ಕರೆಯುತ್ತಾನೆ: ಜೋಯಿ.

ಡೇವಿಡ್ ಕ್ರೋನೆನ್‌ಬರ್ಗ್ 2005ರಲ್ಲಿ ನಿರ್ದೇಶಿಸಿದ 'ಎ ಹಿಸ್ಟರಿ ಆಫ್ ವಯಲೆನ್ಸ್' ಚಿತ್ರದ ಕಥೆಯಿದು. ಹೊಡೆದಾಟಗಳೇನೋ ಇವೆ, ಆದರೆ ಚಿತ್ರದ ಜೀವ ಇರುವುದು ಆಸ್ಪತ್ರೆಯ ಒಂದು ಪುಟ್ಟ ದೃಶ್ಯದಲ್ಲಿ. ಗಂಡ ಹಿಂದೆ ಕೊಲೆಗಾರನಾಗಿದ್ದನೆಂದು ತಿಳಿದ ಈಡಿ, ಹಾಗಾದರೆ ಈ 'ಸ್ಟಾಲ್' ಎಂಬ ಹೆಸರು ಎಲ್ಲಿಂದ ಬಂತೆಂದು ಕೇಳುತ್ತಾಳೆ. ಸಿಕ್ಕಿತು, ಇಟ್ಟುಕೊಂಡೆ ಎಂಬಂಥ ಉತ್ತರ. ಆದರೆ ಅದು ಅವಳ ಹೆಸರೂ ಹೌದು, ಇಬ್ಬರು ಮಕ್ಕಳ ಹೆಸರೂ ಹೌದು! ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ನಮಗೆ ಈ ಪ್ರಶ್ನೆ ತುಸು ಹೆಚ್ಚೇ ನಾಟುತ್ತದೆ. ನಮ್ಮ ಹಿಂದಿನ ಊರು, ಮನೆತನದ ಬಗ್ಗೆ ಇಲ್ಲಿಯ ನೆರೆಹೊರೆಯವರು ಬಲ್ಲದ್ದು ನಾವು ಹೇಳಿದಷ್ಟನ್ನೇ. ಮಕ್ಕಳೂ ಅಷ್ಟನ್ನೇ ನಂಬಿ ಬೆಳೆಯುತ್ತಾರೆ.

ಅಪ್ಪನನ್ನು ಉಳಿಸಲು ಮಗ ಬಂದೂಕು ಹಾರಿಸಬೇಕಾಗುತ್ತದೆ. ಶೆರೀಫನೆದುರು ಗಂಡನ ಸುಳ್ಳನ್ನು ಈಡಿಯೇ ಕಾಯುತ್ತಾಳೆ. ಹಳೆಯ ಪಾಪದಲ್ಲಿ ಹೀಗೆ ಮನೆಮಂದಿಯೆಲ್ಲ ಪಾಲುದಾರರಾಗುವ ಬಗೆಯನ್ನು ಮಾರಿಯಾ ಬೆಲೊ ಮುಖದಲ್ಲೇ ತೋರಿಸಿದ್ದಾರೆ. ನನಗೆ ಅವರ ಅಭಿನಯ ನಾಯಕ ವಿಗೊ ಮಾರ್ಟೆನ್ಸನ್‌ಗಿಂತ ಒಂದು ತೂಕ ಹೆಚ್ಚೆನಿಸಿತು. ಅಣ್ಣನನ್ನು ಕಾಣಲು ಟಾಮ್ ಫಿಲಡೆಲ್ಫಿಯಾಕ್ಕೆ ಹೋಗುವ ಭಾಗ ಮಾತ್ರ ಸಡಿಲ. ಅಣ್ಣನ ಪಾತ್ರಕ್ಕಾಗಿ ವಿಲಿಯಂ ಹರ್ಟ್ ಆಸ್ಕರ್ ನಾಮನಿರ್ದೇಶನ ಪಡೆದರೆಂಬುದು ನಿಜ; ಆದರೂ ಅಲ್ಲಿ ಕಥೆ ಪ್ರಹಸನದತ್ತ ವಾಲುತ್ತದೆ.

2023ರ ತಮಿಳು ಚಿತ್ರ 'ಲಿಯೋ' ಈ ಚಿತ್ರದ ಋಣವನ್ನು ಬಹಿರಂಗವಾಗಿಯೇ ಒಪ್ಪಿಕೊಂಡಿದೆ. ವಿಜಯ್ ಅಲ್ಲಿ ಹಿಮಾಚಲದಲ್ಲಿ ಕಾಫಿ ಅಂಗಡಿ ನಡೆಸುವ ಪಾರ್ಥಿಬನ್. ನಮ್ಮ ಮಧುಗಿರಿಯ ಅರ್ಜುನ್ ಸರ್ಜಾ ಎದುರಾಳಿ ಹೆರಾಲ್ಡ್ ದಾಸ್. ಸಾಹಸವೆಲ್ಲ ಭರ್ಜರಿ. ಆದರೆ ತಾನೇ ಲಿಯೋ ಎಂಬ ಒಪ್ಪಿಗೆ ಹೊರಬೀಳುವುದು ಹೊಡೆದಾಟದ ನಡುವೆ, ಹೆರಾಲ್ಡನ ಮುಂದೆ. ಸಂಶಯದಲ್ಲಿ ಬೆಂದ ಹೆಂಡತಿಗೆ ಸಲ್ಲಬೇಕಾದ ಮಾತು ಹಗೆಗೆ ಸಂದಿತು. ಅಭಿಮಾನಿಗಳು ಶಿಳ್ಳೆ ಹೊಡೆಯುವ ಆ ಕ್ಷಣದಲ್ಲೇ ಸಂಸಾರದ ಕಥೆ ಕೈಜಾರಿತು.

ಕ್ರೋನೆನ್‌ಬರ್ಗ್ ಟಾಮನನ್ನು ಕೊನೆಗೆ ತಂದು ನಿಲ್ಲಿಸುವುದು ಮನೆಯ ಊಟದ ಮೇಜಿನ ಬಳಿ. ಯಾರೂ ಮಾತಾಡುವುದಿಲ್ಲ. ಪುಟ್ಟ ಮಗಳು ಎದ್ದು ಅಪ್ಪನಿಗೊಂದು ತಟ್ಟೆ ತಂದಿಡುತ್ತಾಳೆ. ಮಗ ಮಾಂಸದ ಪಾತ್ರೆಯನ್ನು ಅವನತ್ತ ಸರಿಸುತ್ತಾನೆ. ಈಡಿ ತಲೆಯೆತ್ತಿ ನೋಡುತ್ತಾಳೆ, ಅಷ್ಟೆ. ಅವಳು ಕ್ಷಮಿಸಿದಳೆಂದು ನನ್ನ ಮನೆಯವರು, ಇಲ್ಲವೆಂದು ನಾನು. ವಾದ ಇನ್ನೂ ಮುಗಿದಿಲ್ಲ.