ಮಂದಿ ಎಲ್ಲಿ ಹೋದ್ರು?

ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ರಾಜ್ಯೋತ್ಸವಕ್ಕೆ ಒಂದು ಹಳೆಯ ಫೋಟೋ ಬರುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿ, ಮಾಸಿದ ಕಂದು ಬಣ್ಣ, ಕೆಳಗೆ ‘ನಮ್ಮೂರ ಇತಿಹಾಸ’ ಎಂಬ ಒಕ್ಕಣೆ. ಈ ಸಲ ಬೈಕುಲ್ಲಾದ ನಮ್ಮ ಒಂದೇ ಕೋಣೆಯ ಮನೆಗೆ ಬಂದಿದ್ದ ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ, ಬೆರಳಿನಿಂದ ಹಿಗ್ಗಿಸಿ ನೋಡಿದಳು. “ಗುಡಿ ನಮ್ಮದ ಐತಿ. ಮಂದಿ ಎಲ್ಲಿ ಹೋದ್ರು?” ಅಂದಳು.

ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಚಿತ್ರ ಬಂದ ಪುಸ್ತಕವನ್ನು ಹುಡುಕಿದೆ. ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’, ಲಂಡನ್ನಿನ ಜಾನ್ ಮರ್ರೆ ಪ್ರಕಟಣೆ, 1866. ಚಿತ್ರಗಳು ಸೇನೆಯ ಬಿಗ್ಸ್, ವೈದ್ಯ ಪಿಗೂ ಮತ್ತು ನೀಲ್ ಅವರವು. ಇತಿಹಾಸ ಬರೆದವರು ಮೆಡೋಸ್ ಟೇಲರ್, ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗುಸನ್‌ದು. ಚಿತ್ರಗಳನ್ನು ಪುಟಕ್ಕೆ ಅಚ್ಚು ಹಾಕುವ ತಂತ್ರ ಆಗಿನ್ನೂ ಕೈಗೆ ಬಂದಿರಲಿಲ್ಲ. ಹಾಗಾಗಿ ಒಂದೊಂದು ಪ್ರತಿಗೂ ಫೋಟೋಗಳನ್ನು ಕೈಯಿಂದಲೇ ಅಂಟಿಸಿದ್ದಾರೆ.

ಗುಡಿಯ ಮಟ್ಟಿಗೆ ಈ ಪುಸ್ತಕಕ್ಕೆ ಸಾಟಿ ಇಲ್ಲ. ಬಳಪದ ಕಲ್ಲಿನ ಕೆತ್ತನೆಯ ಮೇಲೆ ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಕಾದು ತೆಗೆದಂತಿದೆ. ಮುಂದಿನ ದುರಸ್ತಿಗಳಿಗೆ ಮೊದಲು ಗುಡಿ ಹೇಗಿತ್ತು ಎಂದು ತಿಳಿಯಬೇಕಾದವರು ಇಲ್ಲಿಗೇ ಬರಬೇಕು. ನನ್ನ ತಕರಾರು ಅದರ ಬಗ್ಗೆ ಅಲ್ಲ. ಅದನ್ನು ಊರಿನ ಇತಿಹಾಸ ಎಂದು ನಾವು ಹಂಚುತ್ತೇವಲ್ಲ, ಅದರ ಬಗ್ಗೆ.

ಮಂದಿ ಕಾಣದಿರುವುದಕ್ಕೆ ಒಂದು ಕಾರಣ ತಂತ್ರದ್ದು. 1850ರ ದಶಕದಲ್ಲಿ ಬಿಗ್ಸ್ ಮತ್ತು ಪಿಗೂ ಬಳಸಿದ್ದು ಕಾಗದದ ನೆಗೆಟಿವ್. ಅದಕ್ಕೆ ಬಹಳ ಹೊತ್ತು ಬೆಳಕು ಕುಡಿಸಬೇಕು. ಕಲ್ಲು ಅಲುಗಾಡುವುದಿಲ್ಲ, ಮೂಡುತ್ತದೆ. ಕೊಡ ಹೊತ್ತು ದಾಟಿ ಹೋದವಳು ಮೂಡುವುದಿಲ್ಲ. ಇನ್ನೊಂದು ಕಾರಣ ಉದ್ದೇಶದ್ದು. ಸರ್ಕಾರಕ್ಕೆ ಬೇಕಾಗಿದ್ದದ್ದು ಸ್ಮಾರಕಗಳ ದಾಖಲೆ. ಇಂಥ ಚಿತ್ರಗಳಲ್ಲಿ ಮನುಷ್ಯನೊಬ್ಬ ಕಂಡರೆ ಹೆಚ್ಚಾಗಿ ಅವನು ಕಂಬದ ಎತ್ತರ ತಿಳಿಯಲೆಂದು ನಿಲ್ಲಿಸಿದವನು. ಅವನಿಗೆ ಹೆಸರಿಲ್ಲ.

ಬೈಕುಲ್ಲಾದಲ್ಲಿ ಕೂತು ಓದುವಾಗ ಇನ್ನೊಂದು ಸಂಗತಿ ಚುಚ್ಚುತ್ತದೆ. ಈ ಪುಸ್ತಕ ಮಾಲೆಗೆ ದುಡ್ಡು ಬಂದದ್ದು ಬಾಂಬೆಯ ವರ್ತಕರಿಂದ. ಅವರಲ್ಲಿ ಮುಖ್ಯರು ಹತ್ತಿಯ ದೊರೆ ಪ್ರೇಮಚಂದ ರಾಯಚಂದ. ಅವರ ಬಂಗಲೆ ಇದ್ದದ್ದು ಇಲ್ಲೇ, ಲವ್ ಲೇನಿನಲ್ಲಿ. 1861ರಿಂದ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಬರುವುದು ನಿಂತಾಗ ಬಾಂಬೆಯ ಹತ್ತಿಗೆ ಬಂಗಾರದ ಬೆಲೆ ಬಂತು. ನಮ್ಮ ಧಾರವಾಡ ಸೀಮೆಯ ಎರೆಭೂಮಿಯೂ ಆ ಹತ್ತಿ ಬೆಳೆದ ನೆಲವೇ. ಕುಮಟಾ ಬಂದರಿನಿಂದ ಹೊರಡುತ್ತಿದ್ದ ಹತ್ತಿಗೆ ಪೇಟೆಯಲ್ಲಿ ‘ಕುಂಪ್ಟಾ’ ಎಂದೇ ಹೆಸರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಪ್ರೇಮಚಂದರೂ ಮುಳುಗಿದರು. ಮರುವರ್ಷ ಪುಸ್ತಕ ಹೊರಬಂತು.

ಅಂದರೆ ಹತ್ತಿ ಬಿಡಿಸಿದ ಕೈಗಳ ದುಡಿಮೆಯೂ ಸೇರಿದ್ದ ದುಡ್ಡಿನಲ್ಲಿ ಅವರದೇ ಸೀಮೆಯ ಗುಡಿಗಳ ಪುಸ್ತಕವಾಯಿತು. ಆ ಕೈಗಳು ಮಾತ್ರ ಅದರಲ್ಲಿ ಇಲ್ಲ. ಪ್ರೇಮಚಂದರನ್ನಾಗಲೀ ಪಿಗೂ ಅವರನ್ನಾಗಲೀ ಬೈದು ಪ್ರಯೋಜನವಿಲ್ಲ. ಪಿಗೂ ಪುಸ್ತಕ ನೋಡಲೂ ಉಳಿಯಲಿಲ್ಲ. ಆದರೆ ಅವರು ಬಿಟ್ಟದ್ದನ್ನು ನಾವೂ ಬಿಡುತ್ತಿದ್ದೇವೆ. ಊರು ಬಿಟ್ಟು ಬಂದವರಿಗೆ ಖಾಲಿ ಗುಡಿಯ ಚಿತ್ರ ಹಿತವಾಗಿರುತ್ತದೆ. ಅದರಲ್ಲಿ ಯಾರೂ ನಮ್ಮನ್ನು ಯಾವಾಗ ಬಂದೆ ಎಂದು ಕೇಳುವುದಿಲ್ಲ, ಯಾರ ಸಾಲವೂ ನೆನಪಾಗುವುದಿಲ್ಲ. ನಾನೂ ನಾಲ್ಕು ವರ್ಷ ಅದನ್ನೇ ಹಂಚಿದವನು.

ಅವ್ವನ ಟ್ರಂಕಿನಲ್ಲಿ ಇನ್ನೊಂದು ಫೋಟೋ ಇದೆ. 1974, ದೊಡ್ಡವ್ವನ ಮದುವೆ. ಗದಗಿನಿಂದ ಬಂದ ಫೋಟೋದವನು ಮದುಮಕ್ಕಳನ್ನು ಅಷ್ಟು ಚೆನ್ನಾಗಿ ತೆಗೆದಿಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿದ್ದಾನೆ. ಆದರೆ ಹಿಂದೆ ಗುಡಿಯ ಗೋಡೆ ಇದೆ, ಅದಕ್ಕೆ ಆನಿಸಿದ ಕಟ್ಟಿಗೆ ಇದೆ, ಇಣುಕುವ ಹುಡುಗರಿದ್ದಾರೆ, ಅಂಚಿನಲ್ಲಿ ಹತ್ತಿ ಅಂಡಿಗೆ ಹೇರಿದ ಚಕ್ಕಡಿ ಅರ್ಧ ಸಿಕ್ಕಿದೆ. ಕಲೆಯ ಲೆಕ್ಕದಲ್ಲಿ ಪಿಗೂ ಚಿತ್ರದ ಹತ್ತಿರಕ್ಕೂ ಬರುವುದಿಲ್ಲ. ಊರಿನ ಲೆಕ್ಕದಲ್ಲಿ ಇದೇ ದೊಡ್ಡದು.

ಪಿಗೂ ಚಿತ್ರ ಗ್ರಂಥಾಲಯಗಳಲ್ಲಿ ಕ್ಷೇಮವಾಗಿದೆ. ಇದಕ್ಕೆ ಇರುವುದು ಒಂದೇ ಪ್ರತಿ, ಒಂದು ಮೂಲೆ ಗೆದ್ದಲು ತಿಂದಿದೆ. ಹೆಸರು ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಮೊನ್ನೆ ಭಾನುವಾರ ಅವ್ವ ಹೇಳುತ್ತಾ ಹೋದಳು, ನಾನು ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಬರೆಯುತ್ತಾ ಹೋದೆ. ಹನ್ನೊಂದು ಹೆಸರು ಸಿಕ್ಕವು. ಚಕ್ಕಡಿ ಮೇಲೆ ಕೂತವನದು ಮಾತ್ರ ಅವ್ವನಿಗೆ ನೆನಪಾಗಲಿಲ್ಲ. “ದೊಡ್ಡವ್ವಗ ಫೋನ್ ಹಚ್ಚು” ಅಂದಳು.