22 ನಿಮಿಷ ಯಾರ ಪಾಲಿಗೆ?

ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕಿನ ಧ್ರುವೀಕರಣ ಹೇಗೆ ದಿಕ್ಕು ತಪ್ಪುತ್ತದೆಂಬುದಕ್ಕೆ ಫೋಶಿನಿ ಮತ್ತು ಪೂಲ್ 1991ರಲ್ಲಿ ಕೊಟ್ಟ ಸಂಖ್ಯಾಶಾಸ್ತ್ರೀಯ ಸಿದ್ಧಾಂತ ಅಚ್ಚುಕಟ್ಟಾದುದು. ಅದನ್ನು ಬಳಸುವ ರೂಢಿ ಮಾತ್ರ ಅಷ್ಟು ಅಚ್ಚುಕಟ್ಟಲ್ಲ.

ಗಾಜಿನ ಎಳೆಯ ತಿರುಳು ಪೂರ್ತಿ ದುಂಡಗಿರುವುದಿಲ್ಲ. ಹೂಳಿದ ಮೇಲೆ ಮಣ್ಣಿನ ಒತ್ತಡ, ಬಾಗು ಬೇರೆ. ಹೀಗಾಗಿ ಎರಡು ಧ್ರುವೀಕರಣಗಳ ವೇಗ ಬೇರೆಯಾಗಿ, ಒಂದೇ ಮಿಡಿತ ಎರಡಾಗಿ ಸೀಳಿ ಕೆಲವು ಪಿಕೊಸೆಕೆಂಡ್ ಹಿಂದೆಮುಂದೆ ತಲುಪುತ್ತದೆ. ಇದೇ ಪೋಲರೈಸೇಶನ್ ಮೋಡ್ ಡಿಸ್ಪರ್ಷನ್, ಪಿಎಂಡಿ. ಈ ಅಂತರ ಮ್ಯಾಕ್ಸ್‌ವೆಲ್ ಹಂಚಿಕೆಯಂತೆ ಏರಿಳಿಯುತ್ತದೆ, ಅದರ ಸರಾಸರಿ ದೂರದ ವರ್ಗಮೂಲದಂತೆ ಬೆಳೆಯುತ್ತದೆ. ಇದಕ್ಕೆ ಆಧಾರವಾದ, ಧ್ರುವೀಕರಣದ ಸ್ಥಿತಿಗಳನ್ನು ಬಿಂದುಗಳಾಗಿ ತೋರಿಸುವ ಪ್ವಾಂಕರೆ ಗೋಳ ನಮಗೆ ಹೊಸದಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ 1956ರಲ್ಲಿ ಅದೇ ಗೋಳವನ್ನು ದುಡಿಸಿಕೊಂಡಿದ್ದರು.

ಬೆಂಗಳೂರಿನಿಂದ ನೆಲಮಂಗಲದ ಮೇಲೆ ಹುಬ್ಬಳ್ಳಿಗೆ ಸುಮಾರು 400 ಕಿ.ಮೀ., ವರ್ಗಮೂಲ 20. ಈಗಿನ ಜಿ.652.ಡಿ ಮಾನದಂಡದ ಎಳೆಗೆ ಪಿಎಂಡಿ ಮಿತಿ ಕಿ.ಮೀ. ವರ್ಗಮೂಲಕ್ಕೆ 0.2 ಪಿಕೊಸೆಕೆಂಡ್, ಅಲ್ಲಿಗೆ ಸರಾಸರಿ ಅಂತರ 4 ಪಿಕೊಸೆಕೆಂಡ್. 0.5ರ ಹಳೆಯ ಎಳೆಯಾದರೆ 10. ಸೆಕೆಂಡಿಗೆ 10 ಗಿಗಾಬಿಟ್ ಕಳಿಸುವಾಗ ಒಂದು ಬಿಟ್‌ಗೆ ಸಿಗುವುದು 100 ಪಿಕೊಸೆಕೆಂಡ್, ಸರಾಸರಿ ಅದರ ಹತ್ತನೇ ಒಂದು ಪಾಲು ಮೀರಬಾರದು ಎಂಬುದು ವಾಡಿಕೆ. ಅಂದರೆ ಹಳೆಯ ಎಳೆ ಗಡಿಯ ಮೇಲೇ ನಿಂತಿದೆ. ಅಂತರ ಸರಾಸರಿಯ ಮೂರು ಪಟ್ಟು ಮೀರುವ ಸಂಭವ ಲಕ್ಷಕ್ಕೆ ಸುಮಾರು 4. ವರ್ಷಕ್ಕೆ 22 ನಿಮಿಷ ಸಂಪರ್ಕ ಕೆಡಬಹುದು ಎಂದು ಗುಣಿಸಿ ಕಡತಕ್ಕೆ ಸೇರಿಸಿಬಿಡುತ್ತಾರೆ.

ನನ್ನ ತಕರಾರು ಈ ಗುಣಾಕಾರದ್ದು. ಮ್ಯಾಕ್ಸ್‌ವೆಲ್ ಮಾತಾಡುವುದು ಅಸಂಖ್ಯ ಎಳೆಗಳ, ಅಸಂಖ್ಯ ತರಂಗಾಂತರಗಳ ಗುಂಪಿನ ಬಗ್ಗೆ. ಹೂಳಿದ ಕೇಬಲ್‌ ಹೆಚ್ಚುಕಮ್ಮಿ ಹೆಪ್ಪುಗಟ್ಟಿದಂತೆ ಇರುತ್ತದೆ. ಸೇತುವೆ ದಾಟುವಲ್ಲಿ, ಬಿಸಿಲು ತಾಗುವ ಚೇಂಬರಿನಲ್ಲಿ ಮಾತ್ರ ಅಲುಗುತ್ತದೆ. ಎಟಿ ಅಂಡ್ ಟಿ ಲ್ಯಾಬ್ಸ್‌ನ ಬ್ರಾಡ್ಸ್ಕಿ ಮತ್ತು ಸಂಗಡಿಗರು ಹೇಳಿದ ‘ಕೀಲು’ ಮಾದರಿ ಇದೇ. ಆಗ ಒಂದು ತರಂಗಾಂತರದ ಚಾನೆಲ್‌ಗೆ ವರ್ಷಗಟ್ಟಲೆ ಏನೂ ಆಗದಿರಬಹುದು, ಪಕ್ಕದ್ದು ಗಂಟೆಗಟ್ಟಲೆ ನರಳಬಹುದು. ಜಿಲ್ಲೆಯ ಸರಾಸರಿ ಮಳೆ ನೋಡಿ ಹೊಸಕೋಟೆ ಕೆರೆ ಕೋಡಿ ಬಿತ್ತೇ ಎಂದು ಹೇಳಲಾದೀತೆ?

ಇದೆಲ್ಲ ಉದ್ದದ ಮಾರ್ಗಗಳ ಮಾತು. ಪಂಚಾಯಿತಿಗಳಿಗೆ ಎಳೆ ಹಾಯಿಸುವ ಭಾರತ್‌ನೆಟ್ ಬಗ್ಗೆಯೂ ಒಂದು ಮಾತು: ದೊಡ್ಡಬಳ್ಳಾಪುರದ ಪಂಚಾಯಿತಿಯಲ್ಲಿ ನೆಟ್ ಹೋದರೆ ಪಿಎಂಡಿಯನ್ನು ದೂರಬೇಡಿ. 20 ಕಿ.ಮೀ.ಗೆ ಅಂತರ 1 ಪಿಕೊಸೆಕೆಂಡೂ ಆಗದು, 2.5 ಗಿಗಾಬಿಟ್‌ನ ಬಿಟ್‌ಗೆ 400 ಇದೆ. ಮೊದಲು ಜೆಸಿಬಿ ಎಲ್ಲಿ ಅಗೆದಿದೆ ನೋಡಿ.

ಸೆಕೆಂಡಿಗೆ 100 ಗಿಗಾಬಿಟ್‌ನ ಕೊಹೆರೆಂಟ್ ರಿಸೀವರ್ ಬಂದ ಮೇಲೆ ಹತ್ತಾರು ಪಿಕೊಸೆಕೆಂಡ್‌ಗಳನ್ನು ಚಿಪ್ಪೇ ಸರಿಪಡಿಸುತ್ತದೆ. 22 ನಿಮಿಷದ ಲೆಕ್ಕಕ್ಕೆ ಅಲ್ಲಿ ಕೆಲಸ ಕಡಿಮೆ. ಆದರೆ ಸಿದ್ಧಾಂತದ ಇನ್ನೊಂದು ಕೊರತೆ ಈಗಲೇ ಎದ್ದು ಕಾಣುವುದು: ಅಂತರ ಎಷ್ಟೆಂದು ಮ್ಯಾಕ್ಸ್‌ವೆಲ್ ಹೇಳುತ್ತದೆ, ಎಷ್ಟು ಬೇಗ ಬದಲಾಗುತ್ತದೆಂದು ಹೇಳುವುದಿಲ್ಲ. ನೆಲಮಂಗಲದ 400 ಕೆವಿ ಸ್ಟೇಷನ್‌ಗೆ ಬರುವಂಥ ಹೈಟೆನ್ಷನ್ ಲೈನುಗಳ ನೆತ್ತಿಯ ಗ್ರೌಂಡ್ ವೈರ್‌ನೊಳಗೂ ಎಳೆ ಹಾಯಿಸುವ ಪದ್ಧತಿಯಿದೆ. ಮೇ ತಿಂಗಳ ಸಿಡಿಲು ಆ ತಂತಿಗೆ ಬಡಿದಾಗ ಅದರ ಕಾಂತಕ್ಷೇತ್ರ ಧ್ರುವೀಕರಣವನ್ನು ಸೆಕೆಂಡಿಗೆ ಲಕ್ಷಾಂತರ ರೇಡಿಯನ್ ವೇಗದಲ್ಲಿ ತಿರುಗಿಸಬಲ್ಲದು. ಅಂಥ ಎಳೆಯನ್ನು ಬಾಡಿಗೆಗೆ ಪಡೆಯುವವರು ಪಿಎಂಡಿ ಸಂಖ್ಯೆಗಿಂತ ಮೊದಲು ಕೇಳಬೇಕಾದ್ದು, ರಿಸೀವರ್ ಎಷ್ಟು ವೇಗದ ತಿರುವನ್ನು ಬೆನ್ನಟ್ಟಬಲ್ಲದು ಎಂದು.