ಗುಪ್ತಸಂಚಾರದ ಆಟಗಳೂ ಅನುಮಾನದ ಆಟಗಳೂ: ಒಂದು ತೌಲನಿಕ ವಿಮರ್ಶೆ

ಮಣೆಯ ಮೇಲೆ ಆಡುವ ಆಟಗಳನ್ನು ವರ್ಗೀಕರಿಸುವವರು ಗುಪ್ತಸಂಚಾರದ ಆಟಗಳನ್ನೂ ಅನುಮಾನದ ಆಟಗಳನ್ನೂ ಒಂದೇ ಗುಂಪಿಗೆ ಸೇರಿಸುವುದು ವಾಡಿಕೆಯಾಗಿದೆ. ಎರಡರಲ್ಲಿಯೂ ಏನೋ ಒಂದು ಅಡಗಿದೆ, ಎರಡರಲ್ಲಿಯೂ ಅದನ್ನು ಹುಡುಕಬೇಕು, ಆದುದರಿಂದ ಎರಡೂ ಒಂದೇ ಜಾತಿಯವು ಎಂಬುದು ಈ ವರ್ಗೀಕರಣದ ಆಧಾರ. ಈ ಆಧಾರವು ಸಾಲದೆಂದು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ‘ಅನುಮಾನ’ ಎಂಬ ಶಬ್ದವನ್ನು ಸಂಶಯವೆಂಬ ರೂಢಿಯ ಅರ್ಥದಲ್ಲಿ ಬಳಸದೆ, ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವ ಕ್ರಮಕ್ಕೆ ನೈಯಾಯಿಕರು ಕೊಟ್ಟ ಹೆಸರೆಂಬ ಅರ್ಥದಲ್ಲಿ ಬಳಸಿದೆ. ಇತಿಹಾಸದ ಅಧ್ಯಾಪಕನಾದವನು ಆಟಗಳ ವಿಷಯವನ್ನು ಕೈಗೆತ್ತಿಕೊಳ್ಳುವುದು ಕೆಲವರಿಗೆ ವಿನೋದವೆನಿಸಬಹುದು. ಆದರೆ ಕಾಣದುದನ್ನು ಕುರುಹುಗಳಿಂದ ತಿಳಿಯುವುದೇ ನಮ್ಮ ಶಾಸ್ತ್ರದ ಕಸುಬಾಗಿರುವಾಗ, ಅದೇ ಕೆಲಸವನ್ನು ಕೌತುಕಕ್ಕಾಗಿ ಮಾಡಿಸುವ ಆಟಗಳನ್ನು ಪರೀಕ್ಷಿಸುವುದು ಅನುಚಿತವಾಗಲಾರದು.

ಮೊದಲಿಗೆ ನಮ್ಮ ನೆಲದ ಆಟಗಳನ್ನು ನೋಡೋಣ. ದೇವದುರ್ಗ ತಾಲ್ಲೂಕಿನ ಮಸರಕಲ್ ಮೊದಲಾದ ಊರುಗಳಲ್ಲಿ ಗುಡಿಯ ಕಟ್ಟೆಯ ಮೇಲೆ ಇದ್ದಲಿನಿಂದಲೋ ಸುಣ್ಣದಿಂದಲೋ ಗೆರೆಯೆಳೆದು ಆಡುವ ಹುಲಿ-ಕುರಿ ಆಟವು ದಕ್ಷಿಣ ಭಾರತದಲ್ಲೆಲ್ಲ ಪ್ರಚಾರದಲ್ಲಿರುವಂಥದು. ಅದರ ಒಂದು ಪ್ರಸಿದ್ಧ ರೂಪದಲ್ಲಿ ೩ ಹುಲಿಗಳೂ ೧೫ ಕುರಿಗಳೂ ಇದ್ದು, ಗೆರೆಗಳು ಕೂಡುವ ೨೩ ಸ್ಥಾನಗಳಲ್ಲಿ ಅವು ನಡೆಯುತ್ತವೆ. ಹುಲಿಯು ಕುರಿಯನ್ನು ಹಾರಿ ಹಿಡಿಯುತ್ತದೆ. ಕುರಿಗಳು ಹುಲಿಗೆ ದಾರಿಯಿಲ್ಲದಂತೆ ಸುತ್ತುಗಟ್ಟುತ್ತವೆ. ಬಲದಲ್ಲಿ ಎರಡು ಪಕ್ಷಗಳೂ ಸಮವಲ್ಲ; ಆದರೆ ಅರಿವಿನಲ್ಲಿ ಪೂರ್ಣವಾಗಿ ಸಮ. ಹುಲಿಗೆ ಕಾಣುವುದೆಲ್ಲವೂ ಕುರಿಗೂ ಕಾಣುತ್ತದೆ. ಅಷ್ಟೇ ಏಕೆ, ಪಕ್ಕದಲ್ಲಿ ಕುಳಿತು ಕೇಳದಿದ್ದರೂ ಸಲಹೆ ಕೊಡುವ ಹಿರಿಯರಿಗೂ ಕಾಣುತ್ತದೆ. ಚೌಕಾಬಾರ, ಪಗಡೆಗಳಲ್ಲಿ ಕವಡೆ ಅಥವಾ ದಾಳವು ಮುಂದೇನು ಬೀಳುವುದೋ ಎಂಬ ಅನಿಶ್ಚಯವಿದೆಯೇ ಹೊರತು, ಈಗಾಗಲೇ ಇರುವುದೇನೂ ಮರೆಯಾಗಿಲ್ಲ. ಅಳಗುಳಿಮನೆಯಲ್ಲಿಯೂ ಹಾಗೆಯೇ, ಗುಳಿಯೊಳಗಿನ ಕಾಳುಗಳನ್ನು ಯಾರು ಬೇಕಾದರೂ ನೋಡಬಹುದು. ಹಂಪೆಯ ದೇವಾಲಯಗಳ ಕಲ್ಲುಹಾಸಿನ ಮೇಲೆ ಕೊರೆದಿರುವ ಆಟದ ಮನೆಗಳನ್ನು ಕಂಡವರಿಗೆ ಇದರ ಕಾರಣ ತಾನಾಗಿ ತಿಳಿಯುತ್ತದೆ. ನಮ್ಮ ಮಣೆಯಾಟವು ನೆಲದ ಮೇಲೆ, ಜನರ ನಡುವೆ, ಹಗಲಿನ ಬೆಳಕಿನಲ್ಲಿ ನಡೆಯುವಂಥದು. ಮರೆಮಾಡುವುದಕ್ಕೆ ಅಲ್ಲಿ ಸ್ಥಳವಿಲ್ಲ.

ಹಾಗೆಂದು ಅಡಗಿಸುವ ಆಟಗಳು ನಮ್ಮಲ್ಲಿರಲಿಲ್ಲವೆಂದಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇಪ್ಪತ್ತು ಕ್ರೀಡೆಗಳ ನಿರೂಪಣೆಯಿದೆ. ಚತುರಂಗ, ಪಾಶಕ, ವರಾಟಿಕೆಗಳೊಡನೆ ಪ್ರಹೇಲಿಕೆಯೂ ತಿಮಿರಕ್ರೀಡೆಯೂ ಆ ಇಪ್ಪತ್ತರಲ್ಲಿ ಸೇರಿವೆ. ಗಮನಿಸಬೇಕಾದುದೆಂದರೆ, ಇವು ಬೇರೆ ಬೇರೆ ಕ್ರೀಡೆಗಳೆಂದೇ ಎಣಿಸಲ್ಪಟ್ಟಿವೆ. ಒಗಟಿನ ಗುಟ್ಟು ಮಾತಿನಲ್ಲಿ ಉಳಿಯಿತು, ಕತ್ತಲೆಯ ಗುಟ್ಟು ಕತ್ತಲೆಯಲ್ಲಿ ಉಳಿಯಿತು. ಮಣೆಯ ಮೇಲೆ ಬರಲಿಲ್ಲ. ಕಣ್ಣಾಮುಚ್ಚಾಲೆಯೂ, ಮುಷ್ಟಿಯಲ್ಲಿ ಹುಣಿಸೆಬೀಜ ಹಿಡಿದು ಸರಿಯೋ ಬೆಸವೋ ಎಂದು ಕೇಳುವ ಮಕ್ಕಳಾಟವೂ ಇದಕ್ಕೆ ಸಾಕ್ಷಿ.

ಇವುಗಳ ನಡುವೆ ಒಂದು ಆಟ ಮಾತ್ರ ವಿಶೇಷವಾದ ಪರಿಶೀಲನೆಗೆ ಅರ್ಹವಾಗಿದೆ. ರಾಜ, ಮಂತ್ರಿ, ಪೊಲೀಸ್, ಕಳ್ಳ ಎಂದು ನಾಲ್ಕು ಚೀಟಿಗಳಲ್ಲಿ ಬರೆದು ಮಡಿಚಿ ಎಸೆದು ಆಡುವ ಆಟ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತಿರುವುದೇ. ರಾಜನು ತನ್ನ ಚೀಟಿಯನ್ನು ತೋರಿಸಿ ಮಂತ್ರಿಯನ್ನು ಕರೆಯುತ್ತಾನೆ. ಮಂತ್ರಿಯು ಉಳಿದಿಬ್ಬರಲ್ಲಿ ಕಳ್ಳನಾರೆಂದು ಹೇಳಬೇಕು. ತಪ್ಪಿದರೆ ಅವನ ಅಂಕಗಳು ಕಳ್ಳನಿಗೆ. ಅಂಕಗಳ ಲೆಕ್ಕ ಊರಿಂದೂರಿಗೆ ಬೇರೆಯಾದರೂ ರಾಜನಿಗೆ ೧೦೦೦, ಕಳ್ಳನಿಗೆ ಸೊನ್ನೆ ಎಂಬುದು ಸಾಮಾನ್ಯ. ಮಸರಕಲ್ಲಿನ ಹುಡುಗರು ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಅಂಕ ಬರೆಯುತ್ತ ಇದನ್ನಾಡುವುದನ್ನು ಬಹಳ ಹೊತ್ತು ನೋಡಿದ್ದೇನೆ. ಇದು ಅನುಮಾನದ ಆಟವೆಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಇಲ್ಲಿ ಹೇತುವೇ ಇಲ್ಲ. ಇಬ್ಬರಲ್ಲಿ ಒಬ್ಬನನ್ನು ಆರಿಸುವುದಕ್ಕೆ ಮಂತ್ರಿಯ ಕೈಯಲ್ಲಿರುವ ಸಾಧನ ಮುಖಭಾವವೊಂದೇ. ನಗುವವನು ಕಳ್ಳನೋ, ನಗದವನು ಕಳ್ಳನೋ ಎಂಬುದು ಎರಡೇ ಸುತ್ತುಗಳಲ್ಲಿ ತಲೆಕೆಳಗಾಗುತ್ತದೆ. ಆಟ ರಮ್ಯವಾದದ್ದು, ಪ್ರಮಾಣದ ದೃಷ್ಟಿಯಿಂದ ಮಾತ್ರ ಬರಿದು.

ನಿಜವಾದ ಅನುಮಾನದ ಆಟಕ್ಕೆ ‘ಕ್ಲೂಡೋ’ವನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಿಂಗ್‌ಹ್ಯಾಮಿನ ಆಂಥೊನಿ ಪ್ರಾಟ್ ಎಂಬಾತನು ಇದನ್ನು ಕಲ್ಪಿಸಿದನು. ೧೯೪೯ರಲ್ಲಿ ವ್ಯಾಡಿಂಗ್ಟನ್ಸ್ ಸಂಸ್ಥೆ ಇದನ್ನು ಪ್ರಕಟಿಸಿತು. ಆರು ಮಂದಿ ಶಂಕಿತರು, ಆರು ಆಯುಧಗಳು, ಒಂಬತ್ತು ಕೋಣೆಗಳು. ಒಟ್ಟು ೨೧ ಎಲೆಗಳಲ್ಲಿ ಜಾತಿಗೊಂದರಂತೆ ಮೂರನ್ನು ಲಕೋಟೆಯಲ್ಲಿಟ್ಟು ಉಳಿದ ೧೮ನ್ನು ಹಂಚಲಾಗುತ್ತದೆ. ಸಾಧ್ಯವಾದ ಉತ್ತರಗಳು ೩೨೪. ಅವುಗಳಲ್ಲಿ ಒಂದೇ ನಿಜ. ಆಟಗಾರನು ಕೇಳುವ ಪ್ರತಿಯೊಂದು ಪ್ರಶ್ನೆಯೂ ಈ ೩೨೪ನ್ನು ಕಡಿಮೆ ಮಾಡುತ್ತದೆ. ಇಲ್ಲಿಯ ಮುಖ್ಯ ಲಕ್ಷಣವೆಂದರೆ, ಕೇಳುವುದರಿಂದ ನಿಜವು ಬದಲಾಗುವುದಿಲ್ಲ. ಮೊದಲ ಸುತ್ತಿನಲ್ಲಿ ದೊರೆತ ‘ಅಲ್ಲ’ ಎಂಬ ಉತ್ತರ ಕೊನೆಯ ಸುತ್ತಿನಲ್ಲಿಯೂ ಅಷ್ಟೇ ಬೆಲೆಯುಳ್ಳದ್ದು. ಜ್ಞಾನವು ಕೂಡುತ್ತ ಹೋಗುತ್ತದೆ, ಸವೆಯುವುದಿಲ್ಲ.

ಇತಿಹಾಸದ ವಿದ್ಯಾರ್ಥಿಗೆ ಇದು ಪರಿಚಿತವಾದ ಸ್ಥಿತಿ. ೧೮೩೭ರಲ್ಲಿ ಪ್ರಿನ್ಸೆಪ್ ಬ್ರಾಹ್ಮೀ ಶಾಸನಗಳನ್ನು ಓದಿದಾಗ ಅಲ್ಲಿ ದೊರೆತದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಹೆಸರು. ಆ ಪಿಯದಸಿಯೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಟರ್ನರ್ ತೋರಿಸಿದನು. ಅದು ಅನುಮಾನ, ಬಲವಾದ ಅನುಮಾನವೇ ಆದರೂ ಲಕೋಟೆ ತೆರೆದಿರಲಿಲ್ಲ. ೧೯೧೫ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಗಣಿಗಳ ಶೋಧಕ್ಕೆಂದು ಬಂದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಬಿದ್ದ ಬಂಡೆಯ ಶಾಸನದಲ್ಲಿ ಅಶೋಕನ ಹೆಸರೇ ಇದ್ದಿತು. ಗುಜರ್ರಾ, ನಿಟ್ಟೂರು, ಉದೇಗೋಳಗಳಲ್ಲಿಯೂ ಮುಂದೆ ಆ ಹೆಸರು ದೊರೆಯಿತು. ಎಪ್ಪತ್ತೆಂಟು ವರ್ಷ ಲಕೋಟೆ ಮುಚ್ಚಿದ್ದರೂ ಒಳಗಿನ ಎಲೆ ಮಾತ್ರ ಬದಲಾಗಿರಲಿಲ್ಲ. ನಮ್ಮ ಲಕೋಟೆಗಳಲ್ಲಿ ಹೆಚ್ಚಿನವು ತೆರೆಯುವುದೇ ಇಲ್ಲವೆಂಬುದು ಬೇರೆ ಮಾತು.

ಇದಕ್ಕೆ ಎದುರಾಗಿ ನಿಲ್ಲುವುದು ೧೯೮೩ರಲ್ಲಿ ಜರ್ಮನಿಯ ರಾವೆನ್ಸ್‌ಬರ್ಗರ್ ಸಂಸ್ಥೆಯಿಂದ ಹೊರಬಂದು ಅದೇ ವರ್ಷ ಆ ದೇಶದ ವರ್ಷದ ಆಟವೆಂಬ ಪ್ರಶಸ್ತಿಯನ್ನು ಪಡೆದ ‘ಸ್ಕಾಟ್‌ಲೆಂಡ್ ಯಾರ್ಡ್’. ಲಂಡನ್ ನಗರದ ನಕ್ಷೆಯೇ ಇದರ ಮಣೆ, ನಿಲ್ದಾಣಗಳಿಗೆಲ್ಲ ಸಂಖ್ಯೆಗಳಿವೆ. ಮಿಸ್ಟರ್ ಎಕ್ಸ್ ಎಂಬ ತಪ್ಪಿತಸ್ಥನನ್ನು ಉಳಿದ ಆಟಗಾರರು ಪತ್ತೇದಾರರಾಗಿ ಹಿಡಿಯಬೇಕು. ಅವನು ತನ್ನ ನಡೆಯನ್ನು ಮರೆಯಲ್ಲಿ ಬರೆದುಕೊಳ್ಳುತ್ತಾನೆ. ಅವನು ಹೋದದ್ದು ಟ್ಯಾಕ್ಸಿಯಲ್ಲೋ, ಬಸ್ಸಿನಲ್ಲೋ, ನೆಲದಡಿಯ ರೈಲಿನಲ್ಲೋ ಎಂಬುದು ಟಿಕೆಟ್ಟಿನಿಂದ ಎಲ್ಲರಿಗೂ ತಿಳಿಯುತ್ತದೆ. ಎಲ್ಲಿಗೆ ಎಂಬುದು ತಿಳಿಯುವುದಿಲ್ಲ. ೩, ೮, ೧೩, ೧೮ನೆಯ ನಡೆಗಳಲ್ಲಿ ಮಾತ್ರ ಅವನು ತನ್ನನ್ನು ತೋರಿಸಿಕೊಳ್ಳಬೇಕು. ಈಗ ಇಲ್ಲಿಯ ‘ಇಲ್ಲ’ ಎಂಬ ಉತ್ತರದ ಬೆಲೆಯನ್ನು ನೋಡಿರಿ. ಈ ನಿಲ್ದಾಣದಲ್ಲಿ ಅವನಿಲ್ಲವೆಂದು ತಿಳಿದರೆ ಅದು ಈ ಕ್ಷಣಕ್ಕೆ ಮಾತ್ರ ನಿಜ. ಪ್ರತಿ ನಿಲ್ದಾಣದಿಂದ ನಾಲ್ಕು ದಾರಿಗಳಿವೆಯೆಂದು ಇಟ್ಟುಕೊಂಡರೆ, ಅವನನ್ನು ಕಂಡ ಮೇಲೆ ಒಂದು ನಡೆಗೆ ನಾಲ್ಕು ಸ್ಥಾನಗಳು, ಎರಡನೆಯದಕ್ಕೆ ಹದಿನಾರರವರೆಗೆ, ಮೂರನೆಯದಕ್ಕೆ ಇನ್ನೂ ಹೆಚ್ಚು. ಟಿಕೆಟ್ಟಿನ ಬಣ್ಣ ಇವನ್ನು ಕಡಿಮೆ ಮಾಡುತ್ತದೆ. ಕಾಲ ಮತ್ತೆ ಹೆಚ್ಚಿಸುತ್ತದೆ. ಕ್ಲೂಡೋವಿನಲ್ಲಿ ಸುಮ್ಮನೆ ಕುಳಿತವನು ಏನನ್ನೂ ಕಳೆದುಕೊಳ್ಳುವುದಿಲ್ಲ, ಇತರರು ಮುಂದಾಗುತ್ತಾರೆಂಬುದನ್ನು ಬಿಟ್ಟರೆ. ಇಲ್ಲಿ ಸುಮ್ಮನೆ ಕುಳಿತವನ ಜ್ಞಾನ ಕರಗಿಹೋಗುತ್ತದೆ. ಅಷ್ಟೇ ಅಲ್ಲ, ಪತ್ತೇದಾರರು ನಿಂತಿರುವ ಸ್ಥಳಗಳನ್ನೆಲ್ಲ ಅವನು ನೋಡುತ್ತಿದ್ದಾನೆ. ಅವರು ಹುಡುಕುವ ರೀತಿಯೇ ಅವನು ಹೋಗುವ ದಾರಿಯನ್ನು ಬದಲಿಸುತ್ತದೆ.

ಆದುದರಿಂದ ‘ಸ್ಕಾಟ್‌ಲೆಂಡ್ ಯಾರ್ಡ್’ ಆಟವು ಕ್ಲೂಡೋವಿಗಿಂತ ಹೆಚ್ಚಾಗಿ ನಮ್ಮ ಹುಲಿ-ಕುರಿಗೆ ಹತ್ತಿರವಾದುದೆಂದು ನನ್ನ ಅಭಿಪ್ರಾಯ. ಅದು ಹುಲಿ ಕಾಣದ ಹುಲಿ-ಕುರಿ. ಒಬ್ಬನನ್ನು ಹಲವರು ಸುತ್ತುಗಟ್ಟಿ ದಾರಿ ಮುಚ್ಚುವುದೇ ಎರಡರ ಕೊನೆಯ ರೂಪ. ಬುದ್ಧಿ ಬೇಕಾಗುವುದು ‘ಅವನೆಲ್ಲಿದ್ದಾನೆ’ ಎಂದು ತಿಳಿಯುವುದಕ್ಕಲ್ಲ, ‘ಎಲ್ಲಿದ್ದರೂ ತಪ್ಪಿಸಿಕೊಳ್ಳದಂತೆ ಎಲ್ಲಿ ನಿಲ್ಲಬೇಕು’ ಎಂದು ತಿಳಿಯುವುದಕ್ಕೆ. ಒಂದು ಅಂತರವಿದೆ: ಈ ಹುಲಿ ಓಡುತ್ತದೆ, ಕಚ್ಚುವುದಿಲ್ಲ. ೧೯೮೭ರ ‘ಫ್ಯೂರಿ ಆಫ್ ಡ್ರಾಕುಲಾ’ ಆಟದಲ್ಲಿ ಅಡಗಿದವನು ಎರಗುವವನೂ ಹೌದು. ಅಲ್ಲಿ ಸಾಮ್ಯವು ಇನ್ನೂ ಪೂರ್ಣವಾಗುತ್ತದೆ.

ಗುಪ್ತಸಂಚಾರದ ಆಟವು ಮಣೆಯ ಮೇಲೆ ಬರಬೇಕಾದರೆ ಬರಹ ಬೇಕು, ಇಲ್ಲವೆ ಮಧ್ಯಸ್ಥ ಬೇಕು. ೧೮೯೯ರಲ್ಲಿ ಹೆನ್ರಿ ಮೈಕೆಲ್ ಟೆಂಪಲ್ ಎಂಬ ಆಂಗ್ಲ ಪತ್ರಕರ್ತನು ರೂಪಿಸಿದ, ಎದುರಾಳಿಯ ಕಾಯಿಗಳು ಕಾಣದ ಚದುರಂಗದಲ್ಲಿ ಮೂರು ಮಣೆಗಳೂ ಒಬ್ಬ ಮಧ್ಯಸ್ಥನೂ ಇರುವುದು ಈ ಕಾರಣಕ್ಕೆ. ಕಾಣದ ನಡೆಗೆ ಯಾರೂ ಅಲ್ಲಗಳೆಯಲಾಗದ ದಾಖಲೆಯೊಂದಿರದಿದ್ದರೆ ಆಟ ಜಗಳವಾಗುತ್ತದೆ. ಇದಕ್ಕೆ ನಮ್ಮಲ್ಲಿ ಬಹು ಹಿಂದಿನ ನಿದರ್ಶನವೊಂದಿದೆ. ಪಾಂಡವರ ಅಜ್ಞಾತವಾಸವು ಲಕ್ಷಣತಃ ಗುಪ್ತಸಂಚಾರದ ಆಟವೇ: ಜೂಜಿನಲ್ಲಿ ಒಡ್ಡಿದ ಪಣ, ಗೊತ್ತಾದ ಅವಧಿ, ಹುಡುಕುವ ಚಾರರು, ಸಿಕ್ಕಿಬಿದ್ದರೆ ಮತ್ತೆ ಹನ್ನೆರಡು ವರ್ಷ ವನವಾಸ. ಧರ್ಮಜನಿರುವ ನಾಡು ಮಳೆಬೆಳೆಗಳಿಂದ ಸಮೃದ್ಧವಾಗಿರುವುದೆಂದು ಭೀಷ್ಮನು ಹೇಳುವುದು ಒಂದು ಕುರುಹು. ಕೀಚಕನು ಸತ್ತ ಸುದ್ದಿ ಇನ್ನೊಂದು. ಮಳೆಗಾಗಿ ವಿರಾಟಪರ್ವವನ್ನು ಓದಿಸುವ ನಮ್ಮ ಹಳ್ಳಿಗಳ ಜನರು ಮೊದಲನೆಯದನ್ನು ಹಿಡಿದರು. ಕಥೆ ಹೇಳುವವರು ಎರಡನೆಯದನ್ನು ಹಿಡಿದರು. ಗೋಗ್ರಹಣದ ವೇಳೆಗೆ ಅರ್ಜುನನು ಕಾಣಿಸಿಕೊಂಡಾಗ ಎದ್ದ ಪ್ರಶ್ನೆ ಮಾತ್ರ ‘ಎಲ್ಲಿ’ ಎಂಬುದಲ್ಲ, ‘ಎಂದು’ ಎಂಬುದು. ಅವಧಿ ಮುಗಿದಿಲ್ಲವೆಂದು ದುರ್ಯೋಧನನ ವಾದ. ಐದು ವರ್ಷಗಳಿಗೆ ಎರಡು ಅಧಿಕಮಾಸಗಳಂತೆ ಹದಿಮೂರು ವರ್ಷಗಳಿಗೆ ಐದು ತಿಂಗಳು ಹನ್ನೆರಡು ದಿನ ಹೆಚ್ಚಾಗಿ ಬರುವುದೆಂದು ಭೀಷ್ಮನ ಲೆಕ್ಕ. ಇಬ್ಬರೂ ಮೊದಲೇ ಒಪ್ಪಿದ ಕಾಲಮಾನವಿಲ್ಲದಿರಲು ಈ ಲೆಕ್ಕವು ಯಾರನ್ನೂ ಒಡಂಬಡಿಸಲಿಲ್ಲ.

ಈ ಎರಡು ಜಾತಿಗಳನ್ನೂ ಬೆರೆಸಿದ ಆಟವೆಂದು ೨೦೧೧ರ ‘ಲೆಟರ್ಸ್ ಫ್ರಮ್ ವೈಟ್‌ಚಾಪೆಲ್’ ಹೆಸರು ಪಡೆದಿದೆ. ಕೊಲೆಗಾರನು ರಾತ್ರಿಯೆಲ್ಲ ಅಡಗಿ ಚಲಿಸುತ್ತಾನೆ. ಆದರೆ ನಾಲ್ಕು ರಾತ್ರಿಗಳಲ್ಲಿಯೂ ಅವನು ಹಿಂತಿರುಗುವ ಮನೆ ಒಂದೇ. ‘ಈ ದಾರಿಯಲ್ಲಿ ಅವನು ಹಾದುಹೋದನೇ’ ಎಂದು ಪೊಲೀಸರು ಕೇಳಬಹುದು. ನಡೆದುಹೋದುದನ್ನು ಕುರಿತ ಆ ಉತ್ತರ ಸವೆಯುವುದಿಲ್ಲ; ಆದರೆ ಅದನ್ನು ಕೇಳುವಷ್ಟರಲ್ಲಿ ಅವನು ಮುಂದೆ ಹೋಗಿರುತ್ತಾನೆ. ರಚನೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಆಟವನ್ನು ನಾನು ಕಂಡಿಲ್ಲ. ವಸ್ತುವನ್ನು ಮಾತ್ರ ಮೆಚ್ಚಲಾರೆ. ೧೮೮೮ರಲ್ಲಿ ಲಂಡನ್ನಿನಲ್ಲಿ ಕೊಲೆಯಾದ ಐವರು ಬಡ ಸ್ತ್ರೀಯರು ಕಲ್ಪಿತ ಪಾತ್ರಗಳಲ್ಲ. ಇಲ್ಲಿ ಅವರ ಸಾವು ಒಂದೊಂದು ರಾತ್ರಿಯ ಆಟವನ್ನು ಆರಂಭಿಸುವ ಗುರುತಾಗಿ ಉಳಿದಿದೆ. ಕ್ಲೂಡೋವಿನ ಹೆಣ ಕಾಗದದ್ದು, ಇದು ಹಾಗಲ್ಲ. ಪ್ರತಿಭಾವಂತರಾದ ರಚನಕಾರರಿಗೆ ಬೇರೆ ಕಥೆ ದೊರೆಯುತ್ತಿರಲಿಲ್ಲವೇ?

ನಮ್ಮ ವಿದ್ಯಾರ್ಥಿಗಳಿಗೆ ಈ ಭೇದವನ್ನು ಪಾಠದಲ್ಲಿ ತೋರಿಸಬೇಕಾದರೆ ದೂರ ಹೋಗಬೇಕಾಗಿಲ್ಲ. ದೇವದುರ್ಗದ ಗಡಿಯಲ್ಲಿ ಹರಿಯುವ ಕೃಷ್ಣೆಯ ದಡದ ಕಥೆಯೊಂದು ಫೆರಿಷ್ತನ ಗ್ರಂಥದಲ್ಲಿದೆ. ೧೩೯೮ರಲ್ಲಿ ವಿಜಯನಗರದ ಸೈನ್ಯ ಒಂದು ದಡದಲ್ಲಿಯೂ ಬಹಮನಿ ಸುಲ್ತಾನ ಫಿರೋಜ್ ಷಹನ ಸೈನ್ಯ ಇನ್ನೊಂದು ದಡದಲ್ಲಿಯೂ ಇದ್ದು, ಮಳೆಗಾಲದ ಪ್ರವಾಹ ನಡುವೆ ಇದ್ದಿತು. ಕಾಜಿ ಸಿರಾಜ್ ಎಂಬವನು ಏಳು ಮಂದಿ ಜೊತೆಗಾರರೊಡನೆ ಫಕೀರರ ವೇಷದಲ್ಲಿ ನದಿ ದಾಟಿ ರಾಯನ ಪಾಳೆಯವನ್ನು ಹೊಕ್ಕನು. ನರ್ತಕಿಯೊಬ್ಬಳ ಪ್ರೇಮದ ನಟನೆಯಿಂದ ರಾಜಕುಮಾರನ ಮುಂದೆ ಕುಣಿಯುವ ಅವಕಾಶ ಪಡೆದು, ಕಠಾರಿಯ ಕುಣಿತದ ನಡುವೆ ಅವನನ್ನು ಇರಿದು ಕೊಂದು, ದೀಪಗಳನ್ನು ಆರಿಸಿ ಕತ್ತಲೆಯಲ್ಲಿ ಪಾರಾದನು. ಆ ಗೊಂದಲದಲ್ಲಿ ಬಹಮನಿ ದಂಡು ಹರಿಗೋಲುಗಳಲ್ಲಿ ನದಿಯನ್ನು ದಾಟಿತು ಎಂದು ಕಥೆ.

ಈ ಕಥೆಯನ್ನು ಎರಡು ಬಾರಿ ಪಾಠಕ್ಕೆ ತೆಗೆದುಕೊಳ್ಳಬಹುದು. ಮೊದಲ ಸಲ ವಿದ್ಯಾರ್ಥಿಗಳು ಪಾಳೆಯದ ಕಾವಲುಗಾರರು: ಏನು ಕಾಣುತ್ತಿತ್ತು, ಯಾವಾಗ ಕಾಣುತ್ತಿತ್ತು, ಎಂಟು ಮಂದಿ ಅಪರಿಚಿತರನ್ನು ಎಲ್ಲಿ ತಡೆಯಬಹುದಾಗಿತ್ತು? ಇಲ್ಲಿ ತಡವಾದ ಉತ್ತರ ತಪ್ಪು ಉತ್ತರ. ಎರಡನೆಯ ಸಲ ಅವರು ಇತಿಹಾಸಕಾರರು. ಅವಸರವಿಲ್ಲ, ನಿಜವು ಎಲ್ಲಿಯೂ ಓಡಿಹೋಗುವುದಿಲ್ಲ. ಫೆರಿಷ್ತನು ಬಿಜಾಪುರದ ಆಸ್ಥಾನದಲ್ಲಿ ಕುಳಿತು ಬರೆದದ್ದು ಎರಡು ಶತಮಾನಗಳ ಮೇಲೆ. ಇದರಲ್ಲಿ ಪಾಳೆಯದ ಸಾವಿರಾರು ಜನ ಕಂಡಿರಬಹುದಾದ ಸಂಗತಿಗಳು ಯಾವುವು, ಆ ಎಂಟು ಮಂದಿಗಲ್ಲದೆ ಬೇರೆಯವರಿಗೆ ತಿಳಿಯಲಾರದ ಸಂಗತಿಗಳು ಯಾವುವು ಎಂದು ಗೆರೆಯೆಳೆಯಬೇಕು. ಪ್ರವಾಹ, ರಾಜಕುಮಾರನ ಮರಣ, ದಂಡು ನದಿ ದಾಟಿದ್ದು ಇವು ಗೆರೆಯ ಈಚೆಗೆ ಬರುತ್ತವೆ. ಸುಲ್ತಾನನೊಡನೆ ನಡೆದ ಆಲೋಚನೆ, ನರ್ತಕಿಯ ಮನೆಯ ಮಾತು ಇವು ಆಚೆಗೆ ಉಳಿಯುತ್ತವೆ. ಅವುಗಳಿಗೆ ಮೂಲ ಕಾಜಿಯ ಬಾಯಿಯೇ ಆಗಬೇಕು, ಮತ್ತು ಅವನು ಬದುಕಿ ಮರಳಿದನೆಂದು ನಮಗೆ ಹೇಳುವವನೂ ಫೆರಿಷ್ತನೇ.